ಒಂಚೂರು ಅಡ್ಜಸ್ಟ್

"ಅಡ್ಜಸ್ಟ್ ಅನ್ನೋ ಪದ 'ಜಸ್ಟ್', ಅಂದ್ರೆ ನ್ಯಾಯ ಅನ್ನೋದ್ರಿಂದ ಬಂದಿದ್ದಲ್ಲವಂತೆ ಸರ್. ನಾವು ತಪ್ಪು ಬರೆದಿದ್ದೀವಿ" ಎಂದು ಕಿರಿಯ ಸಂಪಾದಕಿ ಕರಡು ಹಾಳೆಯನ್ನು ಮೇಜಿನ ಮೇಲಿಟ್ಟಳು.

ಅರ್ಧ ಆಯಸ್ಸನ್ನು ಪದಗಳ ಬೇರು ಕೆದಕುವುದರಲ್ಲೇ ಸವೆಸಿದ್ದ ನಿಘಂಟುಕಾರರು ಸುಲಭಕ್ಕೆ ನಂಬುವವರಲ್ಲ. ಎದ್ದು ದಪ್ಪ ಸಂಪುಟಗಳನ್ನು ಇಳಿಸಿ ತಾವೇ ನೋಡಿದರು. ಹೌದು, ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ 'ಹತ್ತಿರ' ಎಂದು ಅರ್ಥ. ಫ್ರೆಂಚಿಗೆ ಹೋಗಿ 'ಪಕ್ಕಕ್ಕೆ ತಂದು ಸೇರಿಸು' ಎಂದಾಯಿತು. ನ್ಯಾಯದ ನಂಟು ಆಮೇಲೆ ಜನ ಗಂಟುಹಾಕಿದ್ದು.

"ಅಂದ್ರೆ ಬಸ್ಸಲ್ಲಿ 'ಒಂಚೂರು ಅಡ್ಜಸ್ಟ್ ಮಾಡಿ' ಅಂತ ಪಕ್ಕ ಬಂದು ಕೂರ್ತಾರಲ್ಲ, ಅವರೇ ಸರಿ" ಎಂದು ಅವಳು ನಕ್ಕಳು.

ಅವರಿಗೆ ನಗು ಬರಲಿಲ್ಲ. ಹೋದ ವರ್ಷ ಅದೇ ಮಾತನ್ನು ಹೆಂಡತಿಗೆ ಹೇಳಿದ್ದರು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ. "ಅಕ್ಕನ್ನ ಇಲ್ಲಿಗೇ ಕರ್ಕೊಂಡು ಬರೋಣ್ವಾ? ನಿಮ್ಮ ಪುಸ್ತಕದ ಕೋಣೆ ಇದೆಯಲ್ಲ" ಎಂದು ಹೆಂಡತಿ ಕೇಳಿದಾಗ ಅವರು ತಲೆ ಎತ್ತಿರಲಿಲ್ಲ. "ಪುಸ್ತಕ ಎಲ್ಲಿಗೆ ಹಾಕ್ಲಿ? ಆ ವೃದ್ಧಾಶ್ರಮ ಚೆನ್ನಾಗಿದೆಯಂತೆ. ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳು."

ಅವಳು ಎರಡನೇ ಸಲ ಕೇಳಲಿಲ್ಲ. ಅಕ್ಕ ವೃದ್ಧಾಶ್ರಮ ಸೇರಿದರು. ಊಟ ಬಿಸಿಯಾಗಿಯೇ ಬರುತ್ತಿತ್ತು, ಅಂಗಿಯ ಗುಂಡಿ ಕಿತ್ತುಹೋದರೆ ಹೊಲಿದಿರುತ್ತಿತ್ತು. ಮಾತು ಮಾತ್ರ ಬೇಕಾದಷ್ಟಕ್ಕೇ ನಿಂತುಬಿಟ್ಟಿತ್ತು.

ಕರಡು ತಿದ್ದಿದ ವಾರದ ರಜೆಯ ದಿನ ಅವರು ಪುಸ್ತಕದ ಕೋಣೆ ಖಾಲಿ ಮಾಡತೊಡಗಿದರು. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಏನ್ರೀ ಇದು?"

"ಅಕ್ಕನ್ನ ಕರ್ಕೊಂಡು ಬರೋಣ."

ಅವಳು ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

ವೃದ್ಧಾಶ್ರಮದ ಕೋಣೆಯಲ್ಲಿ ಎರಡು ಮಂಚ. ಅಕ್ಕ ಪಕ್ಕದ ಮಂಚದ ಮುದುಕಿಗೆ ಪೇಪರ್ ಓದಿ ಹೇಳುತ್ತಿದ್ದರು. ಪುಸ್ತಕದ ಕೋಣೆ ಖಾಲಿ ಮಾಡಿದೀವಿ, ಮನೆಗೆ ಬನ್ನಿ ಎಂದು ತಂಗಿಯ ಗಂಡ ಕರೆದ ಮೇಲೆ ಪೇಪರ್ ಮಡಿಸಿಟ್ಟರು.

"ಅಯ್ಯೋ, ನನಗೋಸ್ಕರ ಅಷ್ಟೊಂದು ಪುಸ್ತಕ ಎತ್ತಿದ್ರಾ? ಪಾಪ."

ಆ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ ಎನಿಸಿತು ಅವರಿಗೆ.

"ಹೋದ ವರ್ಷ ಕರೆದಿದ್ರೆ ಓಡಿ ಬರ್ತಿದ್ದೆ. ಓಡಿ ಅಂದ್ರೆ, ಕುಂಟ್ಕೊಂಡು" ಎಂದು ಅಕ್ಕ ನಕ್ಕರು. "ಈಗ ಇಲ್ಲಿಗೇ ಹೊಂದ್ಕೊಂಡ್ಬಿಟ್ಟಿದೀನಿ. ಇವ್ರಿಗೆ ಕಣ್ಣು ಕಾಣಲ್ಲ. ನಾನು ಹೊರಟ್ರೆ ಇವ್ರಿಗೆ ಯಾರಿದಾರೆ?"

"ಸಂಕೋಚ ಮಾಡ್ಕೋಬೇಡಿ ಅಕ್ಕ" ಎಂದರು ನಿಘಂಟುಕಾರರು.

"ಸಂಕೋಚ ಆಗ ಇತ್ತು. ಈಗಿಲ್ಲ."

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಕ್ಕ ಅವಳ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಇಬ್ಬರೂ ನಿಂತೇ ಇದೀರಲ್ಲ, ಕೂತ್ಕೊಳ್ಳಿ."

ಹಾಗೆಂದು ಕೈಯೂರಿ, ಹಲ್ಲು ಕಚ್ಚಿ, ಇಷ್ಟಿಷ್ಟೇ ಗೋಡೆಯ ಕಡೆಗೆ ಸರಿದು, ತೆರವಾದ ಜಾಗದಲ್ಲಿ ಹೊದಿಕೆಯ ಸುಕ್ಕನ್ನು ಅಂಗೈಯಿಂದ ನೀವಿದರು. ಹೆಂಡತಿ ಕುಳಿತಳು. ಅವಳ ಪಕ್ಕ ಇನ್ನೂ ಒಬ್ಬರಿಗೆ ಜಾಗವಿತ್ತು. ನಿಘಂಟುಕಾರರು ಮಂಚದ ಕಂಬಿ ಹಿಡಿದು ನಿಂತೇ ಇದ್ದರು.