ಬಾಳಂತಿ ಖೋಲಿಯ ಬಾಗಿಲು

“ಏ ಹೊಳೆವ್ವಾ, ನಿನ್ನ ಮಗಳ ಬಾಯಾಗ ಅರಿವಿ ತುರುಕು! ಒಳಗ ಸಾವ್ಕಾರ್ರ ಸೊಸಿ ಬ್ಯಾನಿ ತಿನ್ನಾಕತ್ತಾಳ, ಹೊರಗ ಈ ರಂಡಿ ಎಮ್ಮಿ ಒದರಿದಂಗ ಒದರ್ತಾಳ.”

ನರ್ಸಬಾಯಿ ಕಿಟಕಿಯಿಂದ ಇಷ್ಟು ಹೇಳಿ ಪರದೆ ಎಳೆದಳು.

ಬಾಳಂತಿ ಖೋಲಿಯ ಎದುರು, ಬೇವಿನ ಗಿಡದ ಕೆಳಗೆ, ಗೋಣಿಚೀಲದ ಮೇಲೆ ಹೊಳೆವ್ವನ ಮಗಳು ಶೇಖವ್ವ ಹೊರಳುತ್ತಿದ್ದಳು. ನಿನ್ನೆ ಶುರುವಾದ ಬೇನೆ. ಇಂದು ಬೆಳಗಿಗೆ ಕೂಸಿನ ಒಂದು ಕೈ ಮಾತ್ರ ಹೊರಗೆ ಬಂದಿತ್ತು. ಹೊಳೆವ್ವ ಅದರ ಅಂಗೈಯಲ್ಲಿ ತನ್ನ ಕಿರುಬೆರಳು ಇಟ್ಟಳು. ಕೈ ಬೆರಳನ್ನು ಹಿಡಿದುಕೊಂಡಿತು.

ಸಾವ್ಕಾರ ಮಹಾಲಿಂಗಪ್ಪ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ದವಾಖಾನೆ ಅದು. ಹನ್ನೊಂದು ವರ್ಷದಿಂದ ಹೊಳೆವ್ವ ಆ ಖೋಲಿಯ ರಕ್ತ ಬಳಿದು ತೆಗೆಯುತ್ತಿದ್ದಳು. ಹೆತ್ತವರ ಮಾಸು ಒಯ್ದು ಹಿತ್ತಲ ಕುಣಿಯಲ್ಲಿ ಹೂಳುತ್ತಿದ್ದಳು, ಸತ್ತು ಹುಟ್ಟಿದವನ್ನೂ. ಅಲ್ಲಿನ ನೆಲದ ಒಂದೊಂದು ಕಲ್ಲೂ ಅವಳ ಅಂಗೈಗೆ ಗೊತ್ತು.

ಡಾಕ್ಟರು ಟಾಂಗಾದಿಂದ ಇಳಿದಾಗ ಹೊಳೆವ್ವ ಅಡ್ಡ ಬಿದ್ದಳು.

“ಯಪ್ಪಾ, ಕೂಸಿನ ಕೈ ಹೊರಗ ಬಂದೈತ್ರಿ. ಇನ್ನೂ ಜೀವ ಐತ್ರಿ, ನನ್ನ ಬೆರಳ ಹಿಡದೈತ್ರಿ. ಒಮ್ಮೆ ಮುಟ್ಟಿ ನೋಡ್ರಿ.”

ಡಾಕ್ಟರು ಮೆಟ್ಟಿಲ ಮೇಲಿಂದಲೇ ನೋಡಿದರು. “ಒಳಗಿನದು ಮುಗೀಲಿ.”

“ಅಲ್ಲೀತನಾ ತಡ್ಯಂಗಿಲ್ರೀ. ಒಳಗ ಇನ್ನೊಂದು ಮಂಚ ಖಾಲಿ ಐತಲ್ರೀ.”

ಕಂಪೌಂಡರ ಪರಮೇಶ್ವರಪ್ಪ ನಕ್ಕುಬಿಟ್ಟ. “ಕೇಳಿದ್ರೇನ್ರಿ? ಮಂಚ ಬೇಕಂತ ಮಹಾರಾಣಿಗೆ, ಸಾವ್ಕಾರ್ರ ಸೊಸಿ ಮಗ್ಗಲಾಗ! ಯವ್ವಾ, ಆ ಬಾಗಲಾ ನಿನಗ ತೆಗದಿದ್ದು ಬಳ್ಯಾಕ. ಹಡ್ಯಾಕಲ್ಲ.”

ಬಾಗಿಲು ಮುಚ್ಚಿತು.

ಗಿಡದ ನೆರಳು ಸರಿದು ಬುಡಕ್ಕೆ ಬಂತು. ಕಿರುಬೆರಳ ಮೇಲಿನ ಹಿಡಿತ ಸಡಿಲಾಯಿತು. ಹೊಳೆವ್ವ ಆ ಕೈಯನ್ನು ಉಜ್ಜಿದಳು, ಬಾಯಿಂದ ಬಿಸಿ ಗಾಳಿ ಊದಿದಳು. ಅದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

ಆಗ ಮಗಳ ಹಲ್ಲಿಗೆ ಸೆರಗಿನ ಚುಂಗು ಕೊಟ್ಟು, ಎಣ್ಣೆ ಸವರಿದ ತನ್ನ ಕೈಯನ್ನೇ ಒಳಗೆ ಹಾಕಿದಳು. ಡಾಕ್ಟರು ಹೀಗೆ ಮಾಡಿದ್ದನ್ನು ಒಮ್ಮೆ ಬಾಗಿಲ ಸಂದಿಯಿಂದ ನೋಡಿದ್ದಳು. ಕೂಸಿನ ಕಾಲು ಹುಡುಕಿ ತಿರುವಿ ಎಳೆದಳು. ಮಗಳು ಉಳಿದಳು. ಕೂಸು ಅಳಲಿಲ್ಲ.

ಒಳಗೆ ಗಂಗಾಳ ಬಾರಿಸಿದರು. ಗಂಡು.

“ಹೊಳೆವ್ವಾ, ಬಾ ಇಲ್ಲೆ, ನೆಲಾ ರಕ್ತ ಆಗೈತಿ.” ನರ್ಸಬಾಯಿಯ ಕಣ್ಣು ಗೋಣಿಚೀಲದತ್ತ ಹೋಯಿತು. “ಅದನ್ನ ಹಿತ್ತಲ ಕುಣ್ಯಾಗ ಹಾಕಿ, ಕೈ ತೊಳಕೊಂಡ ಬಾ.”

“ಸುತ್ತಾಕ ಒಂದ್ ತುಂಡು ಅರಿವಿ ಕೊಡ್ರಿ, ಬಾಯಾರ.”

“ಲಡಾಯಿ ನಡದೈತಿ. ಇದ್ದವರಿಗೇ ಅರಿವಿ ಸಿಗವಲ್ದು, ಸತ್ತವರಿಗೆ ಎಲ್ಲಿಂದ ತರ್ಲಿ?”

ಹೊಳೆವ್ವ ಗುದ್ದಲಿ ತಂದಳು. ಹಿತ್ತಲಿಗೆ ಹೋಗಲಿಲ್ಲ. ಬಾಳಂತಿ ಖೋಲಿಯ ಮೆಟ್ಟಿಲ ಮುಂದೆ, ಬಾಗಿಲಿಗೆ ನೇರವಾಗಿ, ಅಗೆಯತೊಡಗಿದಳು. ಸೆರಗು ಹರಿದು ಕೂಸನ್ನು ಸುತ್ತಿದಳು. ಆ ಒಂದು ಕೈಯನ್ನು ಮಾತ್ರ ಹೊರಗೆ ಬಿಟ್ಟಳು.

ಸಕ್ಕರೆ ಹಂಚುತ್ತಿದ್ದ ಪರಮೇಶ್ವರಪ್ಪ ಓಡಿಬಂದ. “ಏ ಬೋಸಡಿ, ತಲಿ ಕೆಟ್ಟೈತೇನ? ಬಾಗಲದಾಗ ಹೆಣಾ ಹುಗೀತಿ?”

“ನಮ್ಮ ಓಣ್ಯಾಗ ಹಿಂಗ ಹುಗೀತಾರ್ರೀ, ಬಾಗಲ ಮುಂದ. ದಾಟಿದಾಕಿ ಹೊಟ್ಟ್ಯಾಗ ಕೂಸು ತಿರುಗಿ ಬರ್ತೈತಿ.”

“ಹಂಗಾದ್ರ ನಿನ್ನ ಗುಡಸಲ ಮುಂದ ಹುಗಿ, ಹೋಗು!”

“ಅಲ್ಲಿ ಹುಗದ್ರ ಮತ್ತ ನಮ್ಮ ಹೊಟ್ಟ್ಯಾಗ ಬರ್ತೈತಿ. ಮತ್ತ ಈ ಗಿಡದ ಕೆಳಗ ಸಾಯ್ತೈತಿ. ಈ ಸಲ ನಿಮ್ಮವರ ಹೊಟ್ಟ್ಯಾಗ ಬರ್ಲಿ. ಆವಾಗರ ಮುಟ್ತೀರಲ್ಲ.”

ಕೊನೆಯ ಹಿಡಿ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿದಳು. ಅಳಿಯ ಯಲ್ಲಪ್ಪ ತಂದ ಬಂಡಿಯಲ್ಲಿ ಮಗಳನ್ನು ಮಲಗಿಸಿಕೊಂಡು ಹೋದಳು.

ಅದನ್ನು ತೆಗೆಯಿರಿ ಎಂದು ಡಾಕ್ಟರು ಕೂಗಿದರು. ಯಾರು ತೆಗೆಯಬೇಕು? ಆ ದವಾಖಾನೆಯಲ್ಲಿ ಹೆಣ ಮುಟ್ಟುವ ಕೈಗಳು ಹೊಳೆವ್ವನವು ಮಾತ್ರ. ಸಾವ್ಕಾರರ ಆಳುಗಳು ಓಣಿಗೆ ಬಂದರು. ಅವಳ ಬೆನ್ನ ಮೇಲೆ ಬಾರುಕೋಲು ಮುರಿಯಿತು. ಹೆಣ ತೆಗೆಯಲು ಅವಳೂ ಏಳಲಿಲ್ಲ, ಓಣಿಯಲ್ಲಿ ಇನ್ನೊಬ್ಬರೂ ಏಳಲಿಲ್ಲ.

ಐದನೆಯ ದಿನ ಸಾವ್ಕಾರರ ಸವಾರಿ ಬಂಡಿ ದವಾಖಾನೆಗೆ ಬಂತು. ಹೊಳೆವ್ವ ಬೇಲಿಯ ಹೊರಗೆ ನಿಂತಿದ್ದಳು. ಖೋಲಿಗೆ ಇದ್ದದ್ದು ಒಂದೇ ಬಾಗಿಲು. ಆ ಮಣ್ಣಿನ ಮೇಲೆ ಹಲಗೆ ಹಾಸಿದ್ದರು.

ಸೊಸೆ ಹಾಲವ್ವ ಕೂಸನ್ನು ಎತ್ತಿಕೊಂಡು ಮೆಟ್ಟಿಲಿಗೆ ಬಂದಳು. ಅತ್ತೆ ಹೊನ್ನವ್ವ ಬಂಡಿಯಿಂದಲೇ ಹೇಳಿದಳು: “ಕೆಳಗ ನೋಡಬ್ಯಾಡ. ದಾಟಿ ಬಂದುಬಿಡು.”

ಹಾಲವ್ವ ಕೆಳಗೇ ನೋಡಿದಳು. ಐದು ದಿನದಿಂದ ಅವಳಿಗೆ ನಿದ್ದೆ ಇರಲಿಲ್ಲ. ಅಂದು ಪರದೆಯಾಚೆಯ ಕೂಗು ಅವಳಿಗೂ ಕೇಳಿತ್ತು. ತನ್ನ ಮಗ್ಗುಲಲ್ಲೇ ಖಾಲಿ ಮಂಚವಿತ್ತು. ಅವಳನ್ನೂ ಒಳಗೆ ಕರೆಯಿರಿ ಎಂದು ಹೇಳಲು ಬಾಯಿ ತೆರೆದಾಗ ನರ್ಸಬಾಯಿ ‘ತಡಕೋರಿ, ಬಂತು’ ಎಂದಿದ್ದಳು. ಆಮೇಲೆ ಹಾಲವ್ವ ಅದನ್ನು ಹೇಳಿರಲಿಲ್ಲ.

“ಹೊಳೆವ್ವಾ,” ಬೇಲಿಯ ಕಡೆ ತಿರುಗಿ ಕೇಳಿದಳು, “ಹೆಣ್ಣೇನ, ಗಂಡೇನ?”

“ಹೆಣ್ರೀ, ಅವ್ವಾರ.”

“ಏ ಹಾಲವ್ವಾ, ಅಕಿ ಕೂಡ ಏನ್ ಮಾತ?” ಅತ್ತೆ ಗದರಿದಳು.

ಹಾಲವ್ವನ ಕಾಲು ಮೇಲೆದ್ದಿತು. ಹಲಗೆಯ ಮೇಲೆ, ಗಾಳಿಯಲ್ಲಿ, ಹಾಗೇ ನಿಂತಿತು. ಎದೆಗೆ ಒತ್ತಿಕೊಂಡಿದ್ದ ಕೂಸು ನಿದ್ದೆಯಲ್ಲೇ ಅವಳ ಕಿರುಬೆರಳನ್ನು ಹಿಡಿದುಕೊಂಡಿತು.