ಭಾವ ಬರೆದ ಬಾಣ

ಆಸ್ಪತ್ರೆಗೆ ಹೋಗಿ ಬಂದವರೆಲ್ಲ ಹೇಳುವ ಮಾತು ಒಂದೇ. "ಅಲ್ಲಿ ಕೇಳಿದ್ದನ್ನೇ ಕೇಳ್ತಾರಪ್ಪ, ತಲೆ ಚಿಟ್ಟು ಹಿಡಿದುಹೋಗುತ್ತೆ!" ನಮ್ಮ ಭಾವನೂ ಹಾಗೇ ಹೇಳುತ್ತಿದ್ದರು. ಈಗ ಹೇಳುವುದಿಲ್ಲ.

ಯಾಕೆ ಅಂತ ಕೇಳಿ. ಹಾಗೆ ಕೇಳುವವರೆಂದರೆ ನನಗೆ ಬಲು ಇಷ್ಟ. ನಾನು ಹಿಟ್ಟಿನ ಗಿರಣಿ ನಡೆಸುವವಳು. ಬಂದವರನ್ನೆಲ್ಲ ಯಾಕೆ, ಏನು ಎಂದು ಕೆದಕುತ್ತೇನೆಂದು ಬೀದಿಯವರು ನನಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದಾರೆ.

ನನ್ನ ಅಕ್ಕನಿಗೂ ಹೀಗೇ ಒಂದು ಹೆಸರಿದೆ, ಸೋಪಕ್ಕ. ಅವಳು ತಿಕ್ಕಿದ ಪಾತ್ರೆಯ ತಳದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಕಿಟಕಿಯ ಸರಳು, ಬಾಗಿಲ ಹಿಡಿ, ಮಕ್ಕಳ ಕಿವಿಯ ಹಿಂಭಾಗ, ಯಾವುದೂ ಅವಳ ಕೈಯಿಂದ ತಪ್ಪಿಸಿಕೊಂಡಿಲ್ಲ. ಭಾವ ಅಂಗಡಿಗಳಿಗೆ ಬೋರ್ಡು ಬರೆಯುವವರು. ದುಂಡಗಿನ ಅಕ್ಷರ, ಕೆಳಗೊಂದು ಬಾಣದ ಗುರುತು. ಆ ಬಾಣ ಬಿಡಿಸುವುದರಲ್ಲಂತೂ ಅವರನ್ನು ಮೀರಿಸುವವರಿಲ್ಲ. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಉಂಟು.

ಅಕ್ಕನಿಗೆ ಬಹಳ ಕಾಲದಿಂದ ಎಡಪಕ್ಕೆಯಲ್ಲಿ ನೋವು. ಅವಳ ಬೆನ್ನ ಹಿಂದೆ ಕೂತು ಮುಲಾಮು ತಿಕ್ಕಿ ತಿಕ್ಕಿ ಭಾವನಿಗೆ ಸಾಕಾಗಿತ್ತು. ಒಂದು ದಿನ ಚಳಿಜ್ವರ ಬಂದು ಗಡಗಡ ನಡುಗಿದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಎಡಗಡೆ ಕಿಡ್ನಿಯಲ್ಲಿ ಕಲ್ಲು ಕಟ್ಟಿಕೊಂಡು ಅದು ಪೂರ್ತಿ ಕೆಟ್ಟುಹೋಗಿದೆ. ತೆಗೀಲೇಬೇಕು. ಬಲಗಡೆದು ಚೆನ್ನಾಗಿದೆ. ಹೆದರಬೇಡಿ, ಅದೊಂದೇ ಸಾಕು."

ಅದೊಂದೇ ಸಾಕು ಎಂದಾಗ ನಮಗೆ ಎಷ್ಟು ಸಮಾಧಾನವಾಯಿತೆಂದರೆ, ಇನ್ನು ಇರುವುದು ಅದೊಂದೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅಕ್ಕನನ್ನು ವಾರ್ಡಿಗೆ ಸೇರಿಸಿದ ಮೇಲೆ ಶುರುವಾಯಿತು ನೋಡಿ. ರಕ್ತ ತೆಗೆಯುವವರು ಬಂದರು. "ನಿಮ್ಮ ಹೆಸರು ಹೇಳಿ ಅಮ್ಮ. ಹುಟ್ಟಿದ ತಾರೀಖು?" ಮಾತ್ರೆ ಕೊಡುವವರು ಬಂದರು. ಅದೇ ಪ್ರಶ್ನೆ. ಅರಿವಳಿಕೆ ಕೊಡುವ ಡಾಕ್ಟರು ಬಂದರು. "ಹೆಸರೇನು? ಯಾವ ಆಪರೇಷನ್? ಯಾವ ಕಡೆ?" ಭಾವನ ಮೂಗಿನ ತುದಿ ಕೆಂಪಾಯಿತು.

"ಅಲ್ಲ ತಾಯಿ, ಇವಳ ಕೈಗೆ ಪಟ್ಟಿ ಕಟ್ಟಿದ್ದೀರಿ, ಅದರ ಮೇಲೆ ಹೆಸರು ಬರೆದಿದ್ದೀರಿ. ಓದ್ಕೋಬಾರದಾ?" ಎಂದು ವಾರ್ಡಿನ ಸಿಸ್ಟರನ್ನು ತರಾಟೆಗೆ ತೆಗೆದುಕೊಂಡರು. "ನಾನು ಬೋರ್ಡು ಬರೆಯೋದೇ ಯಾಕೆ? ಜನ ಕೇಳದೆ ಓದ್ಕೊಳ್ಳಲಿ ಅಂತ."

"ಓದ್ಕೋತೀವಿ ಅಣ್ಣ. ಓದಿ, ಆಮೇಲೆ ಕೇಳ್ತೀವಿ," ಎಂದರು ಸಿಸ್ಟರ್ ನಗುತ್ತಾ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಯಾಕೆ ಸಿಸ್ಟರ್? ಕೇಳೋದೇ ಆದ್ರೆ 'ನೀವು ಇಂಥವರೇ ತಾನೆ' ಅಂತ ಕೇಳಿಬಿಡಿ. ಅವಳು ಹೂಂ ಅಂತಾಳೆ, ಕೆಲಸ ಬೇಗ ಮುಗಿಯುತ್ತೆ."

"ಅದಕ್ಕೇ ಹಾಗೆ ಕೇಳಲ್ಲ. ಹೆದರಿ ಮಲಗಿರೋರು ಏನು ಕೇಳಿದ್ರೂ ಹೂಂ ಅಂದುಬಿಡ್ತಾರೆ."

"ಏನು ಕೇಳಿದ್ರೂನಾ?"

"ಬೇಕಾದ್ರೆ ಕೇಳಿ ನೋಡಿ."

ಸಿಸ್ಟರ್ ಕೈಯಲ್ಲಿ ಸೂಜಿಯಿತ್ತು. ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿ ಮುಖ ಕಿವುಚಿಕೊಂಡಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿದೆ. "ಅಕ್ಕ, ನೀನು ಪೊಲೀಸ್ ಇನ್‌ಸ್ಪೆಕ್ಟರ್ ತಾನೆ?"

"ಹೂಂ," ಎಂದಳು ಅಕ್ಕ.

ಪಕ್ಕದ ಮಂಚದ ಅಜ್ಜಿಗೆ ನಕ್ಕು ನಕ್ಕು ಕೆಮ್ಮು ಬಂತು. ಅಕ್ಕ ಕಣ್ಣು ಬಿಟ್ಟು, "ಏನಾಯ್ತೇ? ಯಾಕೆ ಎಲ್ಲ ಹಲ್ಲು ಕಿರೀತಿದ್ದೀರಾ?" ಎಂದು ರೇಗಿದಳು.

"ಮದುವೆ ಆದಾಗಿಂದ ನನ್ನ ಒಂದು ಮಾತಿಗೂ ಹೂಂ ಅಂದವಳಲ್ಲ ಇವಳು," ಎಂದು ಭಾವ ಗೊಣಗಿದರು. "ಇಲ್ಲಿಗೆ ಬಂದ್ಮೇಲೆ ಶುರು ಮಾಡಿದ್ದಾಳೆ."

ಸಾಯಂಕಾಲ ಡಾಕ್ಟರಮ್ಮ ಬಂದರು. ಅಕ್ಕನ ಬಾಯಿಂದಲೇ ಹೇಳಿಸಿ, ಸ್ಕ್ಯಾನ್ ನೋಡಿ, ಅವಳ ಎಡಪಕ್ಕೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಬಾಣ ಬಿಡಿಸಿದರು. ಆಪರೇಷನ್ ಮಾಡುವ ಜಾಗಕ್ಕೆ ಹಾಗೆ ಗುರುತು ಮಾಡುತ್ತಾರಂತೆ. ಅವರು ಹೋದ ಮೇಲೆ ಭಾವ ಮೂಗು ಮುರಿದರು. "ಕಾಗೆ ಕಾಲಿದ್ದ ಹಾಗಿದೆ. ಇದನ್ನ ಯಾರಾದ್ರೂ ಬಾಣ ಅಂತಾರಾ?"

ಮರುದಿನ ಬೆಳಿಗ್ಗೆ ಸಿಸ್ಟರ್ ಬಂದು, "ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ ಬನ್ನಿ ಅಮ್ಮ," ಎಂದರು. ನಮ್ಮ ಸೋಪಕ್ಕನಿಗೆ 'ಚೆನ್ನಾಗಿ' ಎಂದು ಬೇರೆ ಹೇಳಬೇಕೆ? ಅವಳು ಮನೆಯಿಂದ ತಂದಿದ್ದ ನಾರಿನಿಂದ ತಿಕ್ಕಿದ್ದೇ ತಿಕ್ಕಿದ್ದು. ಬಾಣ ಮಂಗಮಾಯ. ಕೇಳಿದರೆ, "ಮೈಮೇಲೆ ಮಸಿ ಬಳ್ಕೊಂಡು ಅಷ್ಟು ಜನ ಡಾಕ್ಟರ ಮುಂದೆ ಮಲಗೋದಾ? ನನಗೆ ಮಾನ ಮರ್ಯಾದೆ ಇಲ್ವಾ?" ಎಂದಳಂತೆ.

ನಾನು ಆಗ ಚಹಾ ತರಲು ಕೆಳಗೆ ಹೋಗಿದ್ದೆ. ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಗುರುತು ಅಳಿಸಿಹೋದದ್ದನ್ನು ಕಂಡು ಭಾವ ಗಾಬರಿಯಾದರು. ಬೈಸಿಕೊಳ್ಳಬೇಕಾಗುತ್ತದೆ, ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂಬ ದಿಗಿಲು. ಹೊರಗೆ ತಳ್ಳುಮಂಚದ ಗಾಲಿ ಕಿರುಗುಟ್ಟುತ್ತಾ ಬರುತ್ತಿದೆ. ಬೋರ್ಡು ಬರೆಯುವವರ ಜೇಬಿನಲ್ಲಿ ಮಾರ್ಕರ್ ಇದ್ದೇ ಇರುತ್ತದಲ್ಲ. ಅಂಗಾತ ಮಲಗಿದ್ದ ಅಕ್ಕನ ಕಾಲ ಬಳಿ ನಿಂತು, ಪಕ್ಕೆಯ ಮೇಲೆ ಸರಸರ ಬಾಣ ಬಿಡಿಸಿದರು. ಗೆರೆ ನೇರ, ತುದಿ ಚೂಪು.

"ಇಲ್ಲೇ ತಾನೆ ಕಣೇ?" ಎಂದು ಕೇಳಿದರು.

"ಹೂಂ," ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

ಆಪರೇಷನ್ ಕೋಣೆಯ ಬಾಗಿಲವರೆಗೆ ನಾವೂ ಹೋದೆವು. ಅಲ್ಲಿ ಹಸಿರು ಟೋಪಿಯ ಇನ್ನೊಬ್ಬ ಸಿಸ್ಟರ್ ಇದ್ದರು. ಅಕ್ಕನ ಕೈಪಟ್ಟಿ ಓದಿದರು. ಹೆಸರು ಕೇಳಿದರು. ಯಾವ ಆಪರೇಷನ್ ಎಂದರು.

"ಎಡಗಡೆ ಕಿಡ್ನಿ," ಎಂದಳು ಅಕ್ಕ.

"ಎಲ್ಲಿ, ಕೈಯಿಟ್ಟು ತೋರಿಸಿ ಅಮ್ಮ."

ಅಕ್ಕ ಎಡಪಕ್ಕೆಯ ಮೇಲೆ ಕೈಯಿಟ್ಟಳು. ಸಿಸ್ಟರ್ ಹೊದಿಕೆ ಸರಿಸಿ ನೋಡಿದರು. ಎಡಗಡೆ ಏನೂ ಇಲ್ಲ. ಬಲಗಡೆ ನೋಡಿದರು. ಅಲ್ಲಿತ್ತು ಬಾಣ.

"ಸ್ವಲ್ಪ ನಿಲ್ಲಿಸಿ. ಡಾಕ್ಟರನ್ನ ಕರೀರಿ," ಎಂದರು. ದನಿ ಏರಿಸಲಿಲ್ಲ, ಆದರೆ ತಳ್ಳುಮಂಚ ಇದ್ದಲ್ಲೇ ನಿಂತಿತು.

ಭಾವನ ತಾಳ್ಮೆ ಮುಗಿಯಿತು. "ಮತ್ತೆ ಶುರು! ಪಟ್ಟಿ ಇದೆ, ಗುರುತು ಇದೆ, ಇನ್ನೂ ಏನ್ರಮ್ಮ ನಿಮ್ಮ ಅನುಮಾನ?"

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು. ಬಾಗಿ ನೋಡಿದರು. "ಇದು ನಾನು ಬಿಡಿಸಿದ್ದಲ್ಲ," ಎಂದರು. "ನನಗೆ ಇಷ್ಟು ಚೆನ್ನಾಗಿ ಬರಲ್ಲ. ಯಾರು ಬಿಡಿಸಿದ್ದು?"

ಭಾವ ಮುಂದೆ ಬಂದರು. "ನಾನೇ ಡಾಕ್ಟರೇ. ಇವಳು ತೊಳೆದುಬಿಟ್ಟಿದ್ಳು... ಆದ್ರೆ ಸರಿಯಾಗೇ ಬಿಡಿಸಿದ್ದೀನಿ. ಮನೇಲಿ ದಿನಾ ಹಿಂದೆ ಕೂತು ಮುಲಾಮು ಹಚ್ತಿದ್ದವನು ನಾನು. ನೋವು ಯಾವಾಗ್ಲೂ ನನ್ನ ಎಡಗೈ ಕಡೆ. ಇವತ್ತೂ ನನ್ನ ಎಡಗೈ ಕಡೆನೇ..."

ಮಾತು ಅಲ್ಲಿಗೇ ನಿಂತಿತು. ಮನೆಯಲ್ಲಿ ಅವರು ಕೂರುತ್ತಿದ್ದದ್ದು ಅಕ್ಕನ ಬೆನ್ನ ಹಿಂದೆ. ಇಲ್ಲಿ ನಿಂತಿದ್ದು ಅವಳ ಎದುರಿಗೆ. ಅವರ ಎಡ ಈಗ ಅವಳ ಬಲ. ಭಾವ ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿ ಒಂದೊಂದಾಗಿ ನೋಡಿಕೊಂಡರು.

"ಬಲಗಡೆದನ್ನ ತೆಗೆದುಬಿಟ್ಟಿದ್ರೆ?" ಎಂದು ನಾನು ಕೇಳಿದೆ. ಯಾಕಾದರೂ ಕೇಳಿದೆನೋ ಎಂದು ನನಗೆ ಅನ್ನಿಸಿದ್ದು ಆ ಒಂದು ಸಲ ಮಾತ್ರ.

"ಕೆಲಸ ಮಾಡ್ತಿರೋದು ಅದೊಂದೇ ಅಲ್ವಾ?" ಎಂದರು ಡಾಕ್ಟರಮ್ಮ ಮೆಲ್ಲಗೆ.

ಭಾವ ಗೋಡೆಗೆ ಒರಗಿ ಹಾಗೇ ಕುಸಿದು ಕೂತು, ಮಕ್ಕಳ ಹಾಗೆ ಅತ್ತುಬಿಟ್ಟರು. ಅಕ್ಕ ಮಲಗಿದ್ದಲ್ಲಿಂದಲೇ ಕೈಚಾಚಿ, "ರೀ, ಅಳಬೇಡ್ರೀ. ನಾನೇ ಅಲ್ವಾ ಹೂಂ ಅಂದಿದ್ದು," ಎಂದಳು.

"ನಿಮ್ಮಿಬ್ಬರದ್ದೇ ಅಲ್ಲ, ನಮ್ಮದೂ ತಪ್ಪಿದೆ," ಎಂದರು ಡಾಕ್ಟರಮ್ಮ. "ಚೆನ್ನಾಗಿ ಸ್ನಾನ ಮಾಡಿ ಅಂದ್ವಿ, ಗುರುತು ಉಳಿಸ್ಕೊಳ್ಳಿ ಅನ್ನಲಿಲ್ಲ. ಒಳಗೆ ಹೋದ್ಮೇಲೂ ಕೊಯ್ಯೋ ಮುಂಚೆ ಎಲ್ಲರೂ ಕೈ ನಿಲ್ಲಿಸಿ, ಸ್ಕ್ಯಾನ್ ನೋಡಿ, ಯಾರಿಗೆ, ಏನು, ಯಾವ ಕಡೆ ಅಂತ ಗಟ್ಟಿಯಾಗಿ ಹೇಳ್ತೀವಿ. ನಾವೂ ಮನುಷ್ಯರೇ. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಅಂತಲೇ ಇಷ್ಟು ಸಲ ಕೇಳೋದು. ಮರೆತು ಕೇಳೋದಲ್ಲ ಅಣ್ಣ."

ಭಾವನ ಚೆಂದದ ಬಾಣವನ್ನು ಸ್ಪಿರಿಟ್ ಹಾಕಿ ಒರೆಸಿದರು. ಸ್ಕ್ಯಾನನ್ನು ಮತ್ತೆ ನೋಡಿದರು. ಅಕ್ಕನ ಕೈಯಿಂದಲೇ ಮತ್ತೊಮ್ಮೆ ಜಾಗ ತೋರಿಸಿಕೊಂಡು, ಡಾಕ್ಟರಮ್ಮ ಎಡಪಕ್ಕೆಯ ಮೇಲೆ ಬಾಣ ಬಿಡಿಸಿದರು. ಅದೇ ಕಾಗೆ ಕಾಲು. ಭಾವ ಕಣ್ಣೊರೆಸಿಕೊಂಡು ಅದನ್ನೇ ನೋಡುತ್ತಾ, "ಬಹಳ ಚೆನ್ನಾಗಿದೆ ಡಾಕ್ಟರೇ," ಎಂದರು.

ಆಪರೇಷನ್ ಸಲೀಸಾಗಿ ಮುಗಿಯಿತು. ಅಕ್ಕನಿಗೆ ಎಚ್ಚರವಾದ ಮೇಲೆ ಸಿಸ್ಟರ್ ಬಂದು, "ನೋವು ಕಡಿಮೆ ಇದೆಯಾ ಅಮ್ಮ?" ಎಂದರು. ಅಕ್ಕ ಹೂಂ ಎನ್ನಲಿಲ್ಲ. ಎಲ್ಲಿ ನೋವು, ಹೇಗೆ ನೋವು, ಯಾವ ಮಾತ್ರೆಗೆ ಹೊಟ್ಟೆ ತೊಳಸುತ್ತದೆ ಎಂದು ಅಷ್ಟುದ್ದ ವರದಿ ಒಪ್ಪಿಸಿದಳು. ಸಿಸ್ಟರ್ ಆ ಮಾತ್ರೆಯನ್ನು ಬದಲಾಯಿಸಿಕೊಡಲು ಡಾಕ್ಟರಿಗೆ ಹೇಳಿದರು.

ಮನೆಗೆ ಹೊರಡುವ ಮೊದಲು ಭಾವ ತಾವಾಗಿಯೇ ಕೇಳಿ ಆ ವಾರ್ಡಿಗೆ ಒಂದು ಬೋರ್ಡು ಬರೆದುಕೊಟ್ಟರು. ಸ್ನಾನದ ಕೋಣೆಯ ಬಾಗಿಲಲ್ಲಿ ಅದು ಈಗಲೂ ಇದೆ. "ಆಪರೇಷನ್ ಗುರುತನ್ನು ತಿಕ್ಕಬೇಡಿ. ಅಳಿಸಿದರೆ ಸಿಸ್ಟರಿಗೆ ಹೇಳಿ. ನೀವೇ ಬರೆಯಬೇಡಿ." ದುಂಡಗಿನ ಅಕ್ಷರ. ಅವರು ಬರೆದ ಬೋರ್ಡುಗಳಲ್ಲೆಲ್ಲ ಬಾಣವಿಲ್ಲದ ಬೋರ್ಡು ಅದೊಂದೇ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೋ ನಿಮ್ಮವರೋ ಆಸ್ಪತ್ರೆಯ ಮಂಚದ ಮೇಲಿರಬಹುದು. ಹೆಸರು ಕೇಳಿದರೆ ಬೇಸರವಿಲ್ಲದೆ ನಿಮ್ಮ ಬಾಯಿಂದಲೇ ಹೇಳಿ. ಯಾವ ಕಡೆ ಎಂದರೆ ಕೈಯಿಟ್ಟು ತೋರಿಸಿ. ಯಾವ ಔಷಧಿ ನಿಮಗೆ ಆಗಿಬರುವುದಿಲ್ಲ, ಮನೆಯಲ್ಲಿ ಏನು ನುಂಗುತ್ತಿದ್ದೀರಿ, ಮುಚ್ಚಿಡಬೇಡಿ. ಏನಾದರೂ ಎಡವಟ್ಟಾದರೆ ಬೈಗುಳಕ್ಕೆ ಹೆದರಿ ನೀವೇ ಸರಿಮಾಡಲು ಹೋಗಬೇಡಿ, ಹೇಳಿಬಿಡಿ. ಅವರು ಕೇಳದೇ ಹೋದರೆ ನೀವೇ ಕೇಳಿ, ಇದು ಯಾವ ಮಾತ್ರೆ, ಯಾಕೆ, ಕೈ ತೊಳೆದುಕೊಂಡಿದ್ದೀರಾ ಎಂದು. ಕೇಳಿದ್ದಕ್ಕೆ ನಿಮಗೂ ಯಾಕಮ್ಮ ಎಂದು ಹೆಸರು ಬಿದ್ದರೆ ಬೀಳಲಿ.

ನಂಬಿಕೆ ಬರದಿದ್ದರೆ ನನ್ನ ಗಿರಣಿಗೆ ಬನ್ನಿ. ಗಿರಣಿ ನಿಂತಾಗ ಪಕ್ಕದ ಮನೆಯಿಂದ ಪಾತ್ರೆ ತಿಕ್ಕುವ ಸದ್ದು ಕೇಳುತ್ತದೆ. ಅವಳೇ ನಮ್ಮ ಅಕ್ಕ.