ಜೇಮ್ಸ್ ಸ್ಲೀಮನ್ ಹುಟ್ಟಿದ ಫೆಬ್ರವರಿ

"ನಮ್ಮ ವಂಶದಲ್ಲಿ ಮದುವೆಗೆ ಮುಂಚೆ ಮಗು ಹುಟ್ಟಿದ್ದಿಲ್ಲ." ಎಂಬತ್ನಾಲ್ಕರ ಲೊರೇನ್ ಸ್ಲೀಮನ್‌ಳ ಬಾಯಲ್ಲಿ ಸದಾ ಇದ್ದ ಮಾತು ಇದು. ಕೊನೆಯ ಸಲ ಆಕೆ ಇದನ್ನು ಆಡಿದ್ದು ಮೊಮ್ಮಗಳು ಬ್ರಿಯಾನಾಳಿಗೆ, ಬಾಗಿಲು ಹಾಕಿಕೊಳ್ಳುವ ಮುನ್ನ. ಬ್ರಿಯಾನಾ ಆಗ ಏಳು ತಿಂಗಳ ಬಸುರಿ. ಈಗ ಮಗುವಿಗೇ ಹತ್ತು ತಿಂಗಳು. ಮುತ್ತಜ್ಜಿ ಅದರ ಮುಖ ನೋಡಿರಲಿಲ್ಲ.

ಆ ಬಾಗಿಲು ಇವತ್ತು ನಾಲ್ಕು ಗಂಟೆಗೆ ತೆರೆಯುವುದಿತ್ತು. ತೆರೆಸುತ್ತಿದ್ದವಳು ಮೇಲಿನ ಮಹಡಿಯ ನೇತ್ರಾ.

ನೇತ್ರಾ ಗದಗಿನವಳು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಹೊಟ್ಟೆಪಾಡು. ಅದಕ್ಕಾಗಿ ಮನೆಯಿರುವ ಲಿನ್‌ವುಡ್‌ನಿಂದ ಫ್ರೀಮಾಂಟಿನ ಆಫೀಸಿಗೆ ಹೋಗಿ ಬರುತ್ತಾಳೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಜ್ವರ ಹಿಡಿದು ಮಲಗಿದ್ದಾಗ ಸೂಪು ಹೊತ್ತು ಮೆಟ್ಟಿಲೇರಿ ಬಂದವಳು ಲೊರೇನ್ ಒಬ್ಬಳೇ. ಮುದುಕಿಯ ಕಣ್ಣು ಮಂಜಾದ ಮೇಲೆ ಅವಳ ವಂಶವೃಕ್ಷದ ಬೇರು ಹುಡುಕುವ ಕೆಲಸವನ್ನು ನೇತ್ರಾ ಭಾನುವಾರಗಳಂದು ಮಾಡಿಕೊಡತೊಡಗಿದಳು.

"ನಿನ್ನ ಬಿಳೀ ಅತ್ತಿ," ಎಂದು ಗಂಡ ಶಶಿಕಾಂತ ಹಂಗಿಸುತ್ತಿದ್ದ. "ಇದರ ಅರ್ಧಾ ಸೇವಾ ನಮ್ಮವ್ವಗ ಮಾಡಿದ್ರ ನಿನಗ ಗುಡಿ ಕಟ್ಟಿಸಿರ್ತಿದ್ಲು."

ಲೊರೇನಳ ಹಿರಿಯರು ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರು. ಇಂಗ್ಲೆಂಡಿನಲ್ಲಿ 1837ರಿಂದ ಈಚೆಗೆ ಹುಟ್ಟು, ಸಾವು, ಮದುವೆಗೆ ಸರ್ಕಾರದ ದಾಖಲೆ ಇದೆ. ಅದರ ಹಿಂದಕ್ಕೆ ಹೋಗಬೇಕಾದರೆ ಊರ ಚರ್ಚಿನ ಪಾದ್ರಿ ಬರೆದಿಟ್ಟ ಪುಸ್ತಕವೇ ಗತಿ. ನೇತ್ರಾ ಪುಸ್ತಕದವರೆಗೆ ಹೋಗಿರಲಿಲ್ಲ. ಯಾರೋ ಪುಣ್ಯಾತ್ಮರು ಅದನ್ನು ನೋಡಿ ಇಂಟರ್‌ನೆಟ್ಟಿಗೆ ಹಾಕಿದ್ದ ಪಟ್ಟಿಯನ್ನು ನಂಬಿದ್ದಳು. ಪಟ್ಟಿಯ ಪ್ರಕಾರ ಲೊರೇನಳ ಮೂಲಪುರುಷ ಜೇಮ್ಸ್ ಸ್ಲೀಮನ್‌ಗೆ ಚರ್ಚಿನಲ್ಲಿ ನೀರು ಹಾಕಿ ಹೆಸರಿಟ್ಟದ್ದು 1723ರ ಫೆಬ್ರವರಿ. ಅವನ ಅಪ್ಪ ಅಮ್ಮನ ಮದುವೆ 1723ರ ಮೇ.

ಮಗು ಮೊದಲು, ಮದುವೆ ಆಮೇಲೆ.

ಹೋದ ವಾರ ಇದನ್ನು ಹೇಳಿದಾಗ ಲೊರೇನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ, "ಹಾಗಾದರೆ ಬ್ರಿಯಾನಾಗೆ ಬರಹೇಳು," ಎಂದಳು.

ಈಗ ಮೂರೂ ಇಪ್ಪತ್ತು. ಲೊರೇನಳ ಊಟದ ಮೇಜಿನ ಮೇಲೆ ವಂಶವೃಕ್ಷದ ಉದ್ದ ಹಾಳೆ ಹಾಸಿತ್ತು. ಒಂದು ಗಂಟೆ ದೂರದ ಕೆಂಟ್ ಊರಿನಿಂದ ಕಾರಿನಲ್ಲಿ ಹೊರಟ ಬ್ರಿಯಾನಾಳ ಮೆಸೇಜು ಬಂದಿತ್ತು: ಬೆಲ್‌ವ್ಯೂ ದಾಟಿದೆ.

"ಪಾದ್ರಿಯ ಪುಟವನ್ನೇ ತೆಗೆದಿಡು," ಮುದುಕಿ ಅಡುಗೆಮನೆಯಿಂದ ಕೂಗಿದಳು. "ಹುಡುಗಿಗೆ ತೋರಿಸಬೇಕು."

ನೇತ್ರಾ ಲ್ಯಾಪ್‌ಟಾಪಿನಲ್ಲಿ ಆ ಪುಟದ ಚಿತ್ರ ತೆಗೆದಳು. ಫೆಬ್ರವರಿ 1723, ಜೇಮ್ಸ್. ಸರಿ. ಅದರ ಮೇಲಿನ ಸಾಲು ಜನವರಿ 1723. ಅದರ ಮೇಲಿನದು ಡಿಸೆಂಬರ್ 1723. ಅವಳ ಬೆರಳು ಅಲ್ಲಿಯೇ ನಿಂತಿತು. ಡಿಸೆಂಬರ್ ಮುಗಿದು ಜನವರಿ ಬಂದರೂ ವರ್ಷ ಬದಲಾಗಿರಲಿಲ್ಲ. ವರ್ಷ ಬದಲಾಗುವವರೆಗೆ ಕೆಳಗಿನ ಸಾಲುಗಳನ್ನೂ ನೋಡಿದಳು.

ಬಾಲ್ಕನಿಗೆ ಹೋಗಿ ಗಂಡನಿಗೆ ಫೋನು ಹಚ್ಚಿದಳು. "ಪಾದ್ರಿ ಕುಡ್ದು ಬರದಾನೇನ್ರೀ? 1724 ಅಂತ ಬರಿಯೂದು ಮಾರ್ಚ್ ಇಪ್ಪತ್ತೈದಕ್ಕ ಸುರು ಮಾಡ್ಯಾನ!"

"ಮಾರ್ಚ್ ಅಂದ್ರ ನಮ್ಮ ಯುಗಾದಿ ಹೊತ್ತು. ಅವರದೂ ವರ್ಷ ಆವಾಗನ ಚಾಲೂ ಆಗ್ತಿತ್ತೇನೋ. ಅವ್ವನ ಪಾಸ್‌ಪೋರ್ಟ್ ಕಥಿ ಮರ್ತಿಯೇನು?"

ಮರೆಯುವಂಥದ್ದಲ್ಲ ಅದು. ಅತ್ತೆ ಚನ್ನಬಸಮ್ಮ ಹುಟ್ಟಿದ್ದು ಪ್ಲವ ಸಂವತ್ಸರ ಮುಗಿಯಲು ಹದಿನೈದು ದಿನ ಇರುವಾಗ. ಪ್ಲವ ಎಂದರೆ 1961 ಎಂದು ಪಾಸ್‌ಪೋರ್ಟಿನ ಗುಮಾಸ್ತ ಬರೆದುಕೊಂಡ; ಸಂವತ್ಸರ ಮುಗಿಯುವ ಹೊತ್ತಿಗೆ 1962ರ ಮಾರ್ಚ್ ಆಗಿತ್ತು. ಹೀಗಾಗಿ ಸರ್ಕಾರದ ಲೆಕ್ಕದಲ್ಲಿ ಅತ್ತೆ ಹುಟ್ಟಿದ್ದು ಸ್ವಂತ ಅಕ್ಕ ಹುಟ್ಟಿದ ಐದೇ ತಿಂಗಳಿಗೆ.

ಹಾಗಾದರೆ ಪಾದ್ರಿಯ 1723ರ ಫೆಬ್ರವರಿ ಎಂದರೆ ಈಗಿನ ಲೆಕ್ಕದ 1724ರ ಫೆಬ್ರವರಿ. ನೇತ್ರಾ ಬೆರಳು ಮಡಚುತ್ತ ಎಣಿಸಿದಳು. ಮೇ ತಿಂಗಳಿಂದ ಮುಂದಿನ ಫೆಬ್ರವರಿಗೆ ಒಂಬತ್ತು. ಜೇಮ್ಸ್ ಸ್ಲೀಮನ್ ಊರವರ ಬಾಯಿಗೆ ಒಂದು ದಿನವೂ ಸಿಗದಂತೆ ಹುಟ್ಟಿದ್ದ.

"ಹೇಳಬ್ಯಾಡ," ಎಂದ ಶಶಿಕಾಂತ. "ಸತ್ತು ಮಣ್ಣಾದವನ ಮರ್ಯಾದಿ ಇವತ್ತೊಂದಿನ ಹೋದ್ರ ಏನಾತು?"

"ಆಕಿ ಪುಟ ನೋಡ್ತಾಳ್ರೀ."

"ಲ್ಯಾಪ್‌ಟಾಪಿನ ಚಾರ್ಜ್ ಮುಗೀತು ಅನ್ನು."

ಒಳಗೆ ಬಂದರೆ ಲೊರೇನ್ ಭೂತಗನ್ನಡಿ ಹಿಡಿದು ಮೇಜಿನ ಬಳಿ ನಿಂತಿದ್ದಳು. ಫೋನು ಮತ್ತೆ ಗುಂಯ್‌ಗುಟ್ಟಿತು: ಬಾತೆಲ್ ದಾಟಿದೆ, ಹತ್ತು ನಿಮಿಷ. ಹೇಳಿದರೆ ಬಾಗಿಲು ಮತ್ತೆ ಮುಚ್ಚಬಹುದು. ಹೇಳದೆ, ಮುದುಕಿಯೇ ಕಂಡುಹಿಡಿದರೆ, ಮಗುವಿನ ಎದುರಿಗೇ ಮುಚ್ಚುತ್ತದೆ.

"ಲೊರೇನ್, ನಾನು ತಪ್ಪು ಓದಿದೆ," ಎಂದಳು. ಮಾರ್ಚ್, ಹೊಸ ವರ್ಷ, ಅತ್ತೆಯ ಪಾಸ್‌ಪೋರ್ಟ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಜೇಮ್ಸ್ ಹುಟ್ಟಿದ್ದು ಮದುವೆಯಾದ ಮೇಲೆ."

ಲೊರೇನ್ ಪರದೆಯ ಮೇಲೆ ಬಾಗಿದಳು. ಭೂತಗನ್ನಡಿ ಸಾಲಿನಿಂದ ಸಾಲಿಗೆ ಸರಿಯಿತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು.

"ಈ ಪಾದ್ರಿ ಯಾರನ್ನೂ ಬಿಡುವವನಲ್ಲ," ಎಂದಳು ಕೊನೆಗೆ. "ಮದುವೆಯಾಗದವರ ಮಗುವಾದರೆ ಪಕ್ಕದಲ್ಲೇ ಆ ಮಾತು ಬರೆಯುತ್ತಿದ್ದ. ಇಲ್ಲಿ ನೋಡು. ಇಲ್ಲಿ. ಇಲ್ಲೊಂದು. ನಮ್ಮವನನ್ನು ಮಾತ್ರ ಬಿಟ್ಟಾನೇ?"

ನೇತ್ರಾ ಅವಳ ಮುಖ ನೋಡಿದಳು. "ನಿಮಗೆ ಮೊದಲೇ ಗೊತ್ತಿತ್ತಾ?"

"ಕಣ್ಣು ಹೋಗುವ ಮುಂಚೆ ನಲವತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು." ಮುದುಕಿ ಭೂತಗನ್ನಡಿಯನ್ನು ಹಾಳೆಯ ಮೇಲೆ ಬೋರಲು ಇಟ್ಟಳು. "ಆಡಿದ ಮಾತು ನುಂಗಲು ನನಗೊಂದು ಕಾರಣ ಬೇಕಿತ್ತು. ನೀನು ತಂದುಕೊಟ್ಟೆ. ನಾನು ಯಾಕೆ ಬೇಡ ಅನ್ನಲಿ?"

ಕರೆಗಂಟೆ ಹೊಡೆದುಕೊಂಡಿತು.

"ನಿಮ್ಮ ಹೊಸ ವರ್ಷವೂ ಮಾರ್ಚಿಗೇ ಅಂದೆಯಲ್ಲ? ಹಾಗಾದರೆ ಹಾಳೆಯನ್ನು ಆಗ ತಿದ್ದು," ಎಂದವಳು ಬಾಗಿಲ ಕಡೆ ಹೋದಳು.

ನೇತ್ರಾ ಲ್ಯಾಪ್‌ಟಾಪು ಮುಚ್ಚಿದಳು. ತಪ್ಪು ಕಣ್ಣೆದುರೇ ಇದ್ದೂ ಬಿಟ್ಟುಕೊಟ್ಟದ್ದು ಅವಳ ಜನ್ಮದಲ್ಲಿ ಇದೇ ಮೊದಲು, ಕೈ ಕಡಿಯುತ್ತಿತ್ತು. ಬಾಗಿಲ ಬಳಿ ಮಗುವೊಂದು ಏನೋ ಗೊಣಗಿತು, ಅದರ ಮೇಲೆ ಲೊರೇನಳ ದನಿ:

"ಒಳಗೆ ಬಾ. ನಮ್ಮ ವಂಶದ್ದೊಂದು ಹಗರಣ ಸಿಕ್ಕಿದೆ, ತೋರಿಸಬೇಕು."